ಅಮೆರಿಕೆಯ ಅಧ್ಯಕ್ಷಪದವಿಯ ಕಾಲಜ್ಞಾನ

ಕಾಲಜ್ಞಾನವೆಂಬ ಒಂದು ವಾಙ್ಮಯಪ್ರಭೇದವು ಕನ್ನಡದಲ್ಲಿ ವಿಪುಲವಾಗಿರುವುದು ಈ ಪತ್ರಿಕೆಯ ವಾಚಕ ಮಹಾಶಯರಿಗೆ ವಿದಿತವೇ ಆಗಿದೆ. ಕಲ್ಯಾಣವು ಹಾಳಾಗುವುದು, ವೀರವಸಂತರಾಯನೆಂಬವನು ಬರುವನು, ಕಲ್ಯಾಣವು ಮರಳಿ ನೆಲೆಗೊಳ್ಳುವುದು ಎಂಬೀ ಕಥಾಸೂತ್ರವನ್ನು ಹಿಡಿದು ವೀರಶೈವ ಸಂಪ್ರದಾಯದಲ್ಲಿ ಹುಟ್ಟಿದ ಕೃತಿಗಳು ಒಂದೆರಡಲ್ಲ. ಇವುಗಳನ್ನು ಓದುವವರಲ್ಲಿ ಎರಡು ಪಂಗಡಗಳುಂಟು. ಮೊದಲನೆಯವರು, ಹೇಳಿದ್ದು ಎಂದು ಫಲಿಸೀತೆಂದು ಲೆಕ್ಕ ಹಾಕುತ್ತ ಕುಳಿತಿರುವರು. ಎರಡನೆಯವರು, ನಮ್ಮ ವಿದ್ಯಾಲಯಗಳಲ್ಲಿ ಇವರೇ ಹೆಚ್ಚು, ಫಲಿಸಿದ ಮಾತುಗಳೆಲ್ಲ ಘಟನೆ ನಡೆದ ಮೇಲೆ ಬರೆದವು, ಫಲಿಸದವೆಲ್ಲ ಹುಸಿ, ಎಂದು ತೀರ್ಪು ಕೊಟ್ಟು ಪುಸ್ತಕವನ್ನು ಮುಚ್ಚಿಬಿಡುವರು. ಭಕ್ತಿಯೂ ಅಭಕ್ತಿಯೂ ಕೇಳುವ ಪ್ರಶ್ನೆ ಮಾತ್ರ ಒಂದೇ: ಇದು ನಿಜವಾಯಿತೆ? ಕಾವ್ಯವನ್ನಾಗಲಿ ಶಾಸ್ತ್ರವನ್ನಾಗಲಿ ನಾವು ಇಷ್ಟು ದಾರಿದ್ರ್ಯದಿಂದ ಓದುವುದಿಲ್ಲ. ಭವಿಷ್ಯತ್ಕಾಲದಲ್ಲಿ ಬರೆದ ಗ್ರಂಥವನ್ನು ಹೇಗೆ ಓದಬೇಕೆಂಬ ವಿಚಾರವು ನಮ್ಮಲ್ಲಿ ಸಾಕಷ್ಟು ನಡೆದಂತೆ ನನಗೆ ತೋರುವುದಿಲ್ಲ.

ಈ ವಿಚಾರಕ್ಕೆ ನಮ್ಮ ಕಾಲಜ್ಞಾನಗಳನ್ನೇ ಮೊದಲ ಉದಾಹರಣೆಯಾಗಿ ಹಿಡಿಯುವುದು ಕಷ್ಟ. ಅವುಗಳ ಕರ್ತೃವು ವಿವಾದಗ್ರಸ್ತ, ಕಾಲವು ವಿವಾದಗ್ರಸ್ತ, ಪಾಠವೋ ಪ್ರತಿಯಿಂದ ಪ್ರತಿಗೆ ಬೇರೆ. ಆದುದರಿಂದ ಕರ್ತೃ, ಕಾಲ, ಪಾಠ, ಫಲ ಈ ನಾಲ್ಕೂ ನಿಸ್ಸಂದಿಗ್ಧವಾಗಿರುವ ಒಂದು ಕಾಲಜ್ಞಾನವನ್ನು ಪರದೇಶದಿಂದ ಆರಿಸಿಕೊಂಡಿದ್ದೇನೆ. ಅದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷಪದವಿಗೆ ಮುಂದೆ ಯಾರು ಯಾರು ಅಭ್ಯರ್ಥಿಗಳಾಗುವರೆಂದು ವರ್ಷಗಟ್ಟಲೆ ಮುಂಚಿತವಾಗಿ ಹೇಳುವ ಬರಹಗಳ ಜಾತಿಗೆ ಸೇರಿದುದು. ಡಿಕ್ ಮಾರಿಸ್ ಮತ್ತು ಐಲೀನ್ ಮೆಕ್‌ಗ್ಯಾನ್ ಎಂಬ ದಂಪತಿಗಳು ಬರೆದು ೨೦೦೫ರಲ್ಲಿ ಅಚ್ಚಾದ ಈ ಪುಸ್ತಕಕ್ಕೆ ‘ಕಾಂಡಿ ವರ್ಸಸ್ ಹಿಲರಿ’ ಎಂದು ಹೆಸರು. ಮುಂದಿನ ಅಧ್ಯಕ್ಷಪದವಿಯ ಮಹಾಸ್ಪರ್ಧೆಯೇ ಇದೆಂಬ ಅರ್ಥದ ಮಾತು ಹೆಸರಿನ ಕೆಳಗಿದೆ. ಚುನಾವಣೆ ನಡೆಯಬೇಕಾಗಿದ್ದುದು ೨೦೦೮ರ ನವೆಂಬರಿನಲ್ಲಿ. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿದರೆಂಬ ಗಾದೆಯನ್ನು ಇಲ್ಲಿ ಆಡದೆ ಇರುವುದು ಯಾರಿಗಾದರೂ ಕಷ್ಟವೇ.

ಇಂತಹ ಬರಹಗಳು ಆ ದೇಶದಲ್ಲಿ ಏಕೆ ಹುಲುಸಾಗಿ ಬೆಳೆಯುತ್ತವೆಂಬುದಕ್ಕೆ ಕಾರಣ ಅಲ್ಲಿಯ ಕ್ರಮದಲ್ಲಿಯೇ ಇದೆ. ನಮ್ಮ ರಾಷ್ಟ್ರಪತಿಗಳನ್ನು ಚುನಾಯಿಸುವವರು ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು. ಇಲ್ಲಿ ಊಹೆಯ ಆಯುಷ್ಯ ಕೆಲವು ವಾರಗಳದು. ಅಮೆರಿಕೆಯಲ್ಲಿ ಒಂದೊಂದು ಪಕ್ಷದ ಅಭ್ಯರ್ಥಿಯನ್ನೂ ಮೊದಲು ಪಕ್ಷದ ಮತದಾರರೇ ಸಂಸ್ಥಾನದಿಂದ ಸಂಸ್ಥಾನಕ್ಕೆ ನಡೆಯುವ ಪ್ರಾಥಮಿಕ ಚುನಾವಣೆಗಳಲ್ಲಿ ಆರಿಸಬೇಕು. ೧೯೬೮ರಲ್ಲಿ ಹ್ಯೂಬರ್ಟ್ ಹಂಫ್ರಿಯವರು ಈ ಚುನಾವಣೆಗಳಿಗೆ ನಿಲ್ಲದೆಯೇ ಪಕ್ಷದ ಮಹಾಸಭೆಯ ಮುಖಂಡರ ಬಲದಿಂದ ಅಭ್ಯರ್ಥಿಯಾದರು. ಅದರಿಂದೆದ್ದ ಕೋಲಾಹಲದ ಪರಿಣಾಮವಾಗಿ ೧೯೭೨ರಿಂದ ಕ್ರಮವು ಬದಲಾಗಿ, ಮತದಾರರ ಆಯ್ಕೆಯೇ ಮುಖ್ಯವಾಯಿತು. ಮುಖಂಡರು ಬಾಗಿಲು ಮುಚ್ಚಿಕೊಂಡು ನಿಶ್ಚಯಿಸುತ್ತಿದ್ದ ಕಾಲದಲ್ಲಿ ಭವಿಷ್ಯ ಹೇಳುವವನು ಹತ್ತು ಜನರ ಮನಸ್ಸನ್ನು ತಿಳಿದರೆ ಸಾಕಾಗಿತ್ತು. ಈಗ ಕೋಟಿ ಜನರ ಮನಸ್ಸನ್ನು ತಿಳಿಯಬೇಕು. ಅದು ಯಾರಿಗೂ ತಿಳಿಯದುದರಿಂದ ಎಲ್ಲರೂ ಹೇಳಬಹುದು. ಮೇಲಾಗಿ, ಎರಡು ಸಲ ಚುನಾಯಿತರಾದವರು ಮೂರನೆಯ ಸಲ ಚುನಾಯಿತರಾಗಲಾಗದೆಂಬ ತಿದ್ದುಪಡಿಯು ೧೯೫೧ರಲ್ಲಿ ಆ ರಾಜ್ಯಾಂಗಕ್ಕೆ ಸೇರಿರುವುದರಿಂದ, ಎರಡನೆಯ ಅವಧಿಯ ಅಧ್ಯಕ್ಷರು ಪದವಿಯಲ್ಲಿ ಕುಳಿತ ದಿನದಿಂದಲೇ ಮುಂದಿನವರಾರೆಂಬ ಚರ್ಚೆ ತೊಡಗುತ್ತದೆ. ೨೦೦೫ರಲ್ಲಿ ಜಾರ್ಜ್ ಬುಷ್ ಅವರ ಎರಡನೆಯ ಅವಧಿ ಆರಂಭವಾಗಿದ್ದಿತು.

ಗ್ರಂಥದ ಉಪಕ್ರಮವು ಒಂದು ದೃಶ್ಯ. ೨೦೦೯ನೆಯ ಜನವರಿ ೨೦, ನಡುಹಗಲು. ಮುಖ್ಯ ನ್ಯಾಯಾಧೀಶರು ಪ್ರಮಾಣವಚನ ಬೋಧಿಸುವರು. ಹಿಲರಿ ಕ್ಲಿಂಟನ್ನರು ಅಮೆರಿಕೆಯ ಮೊದಲನೆಯ ಮಹಿಳಾ ಅಧ್ಯಕ್ಷರಾಗುವರು. ಪಕ್ಕದಲ್ಲಿ ಅವರ ಪತಿ, ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ನರು ಬೈಬಲನ್ನು ಹಿಡಿದು ನಿಂತಿರುವರು. ಹೀಗೆ ಕಣ್ಣಿಗೆ ಕಟ್ಟುವಂತೆ ಚಿತ್ರಿಸಿ, ಇದು ನಿಶ್ಚಿತ, ಇದನ್ನು ತಡೆಯಬಲ್ಲವರು ಒಬ್ಬರೇ, ಅವರು ಆಗ ವಿದೇಶಾಂಗ ಕಾರ್ಯದರ್ಶಿಗಳಾಗಿದ್ದ ಕಾಂಡೊಲೀಸಾ ರೈಸ್, ಎಂಬುದು ಗ್ರಂಥಕರ್ತರ ವಾದ. ಡೆಮೊಕ್ರಾಟಿಕ್ ಪಕ್ಷಕ್ಕೆ ಬಹುಪಾಲು ಮೀಸಲಾಗಿದ್ದ ಆಫ್ರಿಕಾಮೂಲದ ಅಮೆರಿಕನ್ನರ ಮತಗಳನ್ನೂ ಸ್ತ್ರೀಯರ ಮತಗಳನ್ನೂ ರೈಸ್ ಅವರೊಬ್ಬರೇ ರಿಪಬ್ಲಿಕನ್ ಪಕ್ಷದ ಕಡೆಗೆ ಸೆಳೆಯಬಲ್ಲರೆಂಬುದು ಯುಕ್ತಿ.

ನಡೆದದ್ದು ಬೇರೆ. ರೈಸ್ ಅವರು ನಿಲ್ಲುವುದಿಲ್ಲವೆಂದು ಅನೇಕಾವರ್ತಿ ಹೇಳಿದರು, ನಿಲ್ಲಲೂ ಇಲ್ಲ. ಹಿಲರಿ ಕ್ಲಿಂಟನ್ನರು ನಿಂತರು. ಆದರೆ ೨೦೦೮ನೆಯ ಜನವರಿ ೩ರಂದು ಅಯೋವಾ ಸಂಸ್ಥಾನದಲ್ಲಿ ಅವರು ಮೂರನೆಯವರಾದರು. ಮೊದಲನೆಯವರಾದವರು ೨೦೦೪ರಲ್ಲಿ ತಾನೆ ಸೆನೆಟ್ಟಿಗೆ ಚುನಾಯಿತರಾಗಿದ್ದ ಬರಾಕ್ ಒಬಾಮ. ಜೂನ್ ೭ರಂದು ಹಿಲರಿಯವರು ಸ್ಪರ್ಧೆಯಿಂದ ಹಿಂದೆಗೆದರು. ಆ ಕಡೆ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾದವರು ಜಾನ್ ಮೆಕೇನ್. ೨೦೦೭ರ ಬೇಸಗೆಯಲ್ಲಿ ಅವರ ಪಾಳೆಯದಲ್ಲಿ ದುಡ್ಡು ಮುಗಿದು, ಕೆಲಸಗಾರರು ಚದುರಿ, ಅವರ ಕಥೆ ಮುಗಿಯಿತೆಂದು ಪತ್ರಿಕೆಗಳು ಬರೆದಿದ್ದವು. ಗ್ರಂಥದ ಹೆಸರಿನಲ್ಲಿರುವ ಇಬ್ಬರಲ್ಲಿ ಒಬ್ಬರೂ ಅಭ್ಯರ್ಥಿಯಾಗಲಿಲ್ಲ.

ಈಗ ಎರಡನೆಯ ಪಂಗಡದ ವಿಮರ್ಶಕರು, ಹುಸಿಯಾಯಿತಷ್ಟೆ, ಇನ್ನೇನು ವಿಚಾರ, ಎನ್ನುವರು. ವಿಚಾರವು ಇಲ್ಲಿಂದಲೇ ಆರಂಭವಾಗಬೇಕೆಂದು ನನ್ನ ಮತ. ವಾಕ್ಯವೊಂದರ ತಾತ್ಪರ್ಯವು ಅದರ ಅಕ್ಷರಾರ್ಥದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಮೀಮಾಂಸಕರು ಉಪಕ್ರಮೋಪಸಂಹಾರಾದಿ ಲಿಂಗಗಳಿಂದ ಅದನ್ನು ನಿರ್ಣಯಿಸಬೇಕೆನ್ನುವರು. ಅವರ ಕಣ್ಣಿನಿಂದ ಈ ಗ್ರಂಥವನ್ನು ನೋಡಿದರೆ, ಉಪಕ್ರಮದಲ್ಲಿ ಹಿಲರಿಯವರ ಪ್ರಮಾಣವಚನವಿದ್ದರೂ ಅದು ಸಂಭ್ರಮದ ಚಿತ್ರವಲ್ಲ, ಬೆದರಿಕೆಯ ಚಿತ್ರ. ಮಾರಿಸ್ ಅವರು ಹಿಂದೆ ಬಿಲ್ ಕ್ಲಿಂಟನ್ನರ ಮಂತ್ರಾಲೋಚಕರಾಗಿದ್ದವರು; ೧೯೯೬ರಲ್ಲಿ ಆ ಕೆಲಸವನ್ನು ಬಿಟ್ಟು, ಅನಂತರ ಆ ದಂಪತಿಗಳ ಕಠೋರ ಟೀಕಾಕಾರರಾದರು. ಅಭ್ಯಾಸ, ಎಂದರೆ ಮತ್ತೆ ಮತ್ತೆ ಹೇಳಲ್ಪಡುವ ಮಾತು, ಯಾವುದು? ಹಿಲರಿ ಗೆಲ್ಲುವರೆಂಬುದಲ್ಲ, ಕಾಂಡಿ ನಿಂತರೆ ಮಾತ್ರ ಸೋಲುವರೆಂಬುದು. ಅಪೂರ್ವತೆ ಎಲ್ಲಿದೆ? ಹಿಲರಿಯವರ ಹೆಸರನ್ನು ಆಗ ಬೀದಿಯ ಹುಡುಗನೂ ಹೇಳುತ್ತಿದ್ದನು. ರೈಸ್ ಅವರ ಹೆಸರಿನಲ್ಲಿದೆ. ಆದುದರಿಂದ ‘ಹಿಲರಿ ಅಧ್ಯಕ್ಷರಾಗುವರು’ ಎಂಬುದು ಇಲ್ಲಿ ಸ್ವತಂತ್ರವಾಕ್ಯವೇ ಅಲ್ಲ. ‘ಕಾಂಡಿಯನ್ನು ನಿಲ್ಲಿಸಿರಿ’ ಎಂಬ ವಿಧಿಗೆ ಅದು ಅರ್ಥವಾದ. ಹೇಳಿದ ಭವಿಷ್ಯವು ಸುಳ್ಳಾಗಲೆಂದೇ ಭವಿಷ್ಯ ಹೇಳಿರುವ ಗ್ರಂಥವಿದು! ಒಂದು ದೃಷ್ಟಿಯಿಂದ ನೋಡಿದರೆ, ೨೦೦೯ರ ಜನವರಿಯಲ್ಲಿ ಗ್ರಂಥಕರ್ತರಿಗೆ ಆದುದು ಅಪಜಯವೋ ಇಷ್ಟಸಿದ್ಧಿಯೋ ಹೇಳುವುದು ಸುಲಭವಲ್ಲ.

ಇಲ್ಲಿ ಒಂದು ಆಕ್ಷೇಪವು ಬರುವುದು. ಹೀಗಾದರೆ ತಪ್ಪಿದ ಪ್ರತಿಯೊಬ್ಬ ದೈವಜ್ಞನೂ, ನನ್ನದು ಅರ್ಥವಾದ, ಎಂದು ಹೇಳಿ ಪಾರಾಗುವನಲ್ಲ? ಆಕ್ಷೇಪವು ಸಾಧುವಾದುದು. ಸಮಾಧಾನವೇನೆಂದರೆ: ವಿಧಿಯು ಗ್ರಂಥದಲ್ಲಿಯೇ ಕಾಣಿಸಿಕೊಂಡಿದ್ದರೆ ಮಾತ್ರ ಅರ್ಥವಾದದ ರಕ್ಷೆ, ಬಚ್ಚಿಟ್ಟ ವಿಧಿಗೆ ಆ ರಕ್ಷೆಯಿಲ್ಲ. ಮಾರಿಸ್ ದಂಪತಿಗಳು ತಮಗೆ ಬೇಕಾದುದೇನೆಂಬುದನ್ನು ಮುಚ್ಚಿಟ್ಟಿಲ್ಲ. ಪುಟಪುಟದಲ್ಲಿಯೂ ಅದು ಕಾಣುತ್ತದೆ. ಅದೇ ಕಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತಿದ್ದ, ಇಂದಿಗೂ ಬರುತ್ತಿರುವ, ‘ಮೊದಲ ಹತ್ತು ಹೆಸರುಗಳು’ ಎಂಬ ಪಟ್ಟಿಗಳನ್ನು ನೋಡಿರಿ. ಅಲ್ಲಿ ಕರ್ತನು ಉದಾಸೀನನಂತೆ, ಪಂಚಾಂಗ ಓದುವವನಂತೆ ಮಾತನಾಡುವನು. ಯಾರಿಗೆ ಮೊದಲ ಸ್ಥಾನ, ಯಾರಿಗೆ ಏಳನೆಯದು, ಏಕೆ, ಎಂಬುದಕ್ಕೆ ಅವನ ಇಷ್ಟಾನಿಷ್ಟಗಳೇ ಕಾರಣವಾಗಿದ್ದರೂ ಅದು ಓದುಗನಿಗೆ ಗೋಚರವಾಗುವುದಿಲ್ಲ. ಮಾರಿಸ್ ಅವರ ಗ್ರಂಥವು ಪಕ್ಷಪಾತದ ಗ್ರಂಥವೆಂದು ನಿಂದಿಸುವವರೇ ಈ ಪಟ್ಟಿಗಳನ್ನು ನಿಷ್ಪಕ್ಷಪಾತವೆಂದು ನಂಬುವುದು ನನಗೆ ಸೋಜಿಗವಾಗಿ ಕಾಣುತ್ತದೆ. ನನ್ನ ತೂಕದಲ್ಲಿ ಗ್ರಂಥವೇ ಮೇಲು.

ಹಾಗೆಂದು ಅದು ನಿರ್ದೋಷವಲ್ಲ. ದೋಷವು ಫಲದಲ್ಲಿಲ್ಲ, ಹೇತುವಿನಲ್ಲಿದೆ. ಈ ಜಾತಿಯ ಬರಹಗಳಿಗೆಲ್ಲ ಇದು ಸಾಧಾರಣದೋಷ. ಹೇತುವೇನು? ಪ್ರಸಿದ್ಧಿ. ಸಮೀಕ್ಷಕರು ಮೂರು ವರ್ಷ ಮುಂಚೆ ಜನರನ್ನು ಕೇಳುವರು. ಜನರು ತಾವು ಕೇಳಿ ಬಲ್ಲ ಹೆಸರನ್ನು ಹೇಳುವರು. ಆ ಎಣಿಕೆಯನ್ನು ಇವರು ಬೆಂಬಲವೆಂದು ಬರೆದುಕೊಳ್ಳುವರು. ಬೆಟ್ಟದ ಮೇಲಿನ ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಅನುಮಾನಿಸುವವನ ಕಥೆಯನ್ನು ತರ್ಕಪಾಠದ ಮೊದಲ ವರ್ಷದಲ್ಲಿಯೇ ಹೇಳಿಕೊಡುತ್ತೇವೆ. ೧೯೭೧ರಲ್ಲಿ ಡೆಮೊಕ್ರಾಟಿಕ್ ಪಕ್ಷದ ಅಭ್ಯರ್ಥಿ ಎಡ್ಮಂಡ್ ಮಸ್ಕಿಯವರೇ ಎಂಬುದು ಬಹುಜನರ ಎಣಿಕೆ. ೧೯೭೨ರಲ್ಲಿ ಆದವರು ಜಾರ್ಜ್ ಮೆಕ್‌ಗವರ್ನ್. ೧೯೭೪ನೆಯ ಡಿಸೆಂಬರಿನಲ್ಲಿ ಜಾರ್ಜಿಯಾದ ಗವರ್ನರರೊಬ್ಬರು ತಾವು ನಿಲ್ಲುವೆವೆಂದು ಸಾರಿದಾಗ ದೇಶವು ಯಾರಿವರೆಂದು ಕೇಳಿತು. ಅವರು ಜಿಮ್ಮಿ ಕಾರ್ಟರ್, ೧೯೭೬ರಲ್ಲಿ ಗೆದ್ದು ೧೯೭೭ರಲ್ಲಿ ಅಧ್ಯಕ್ಷರಾದರು. (ಆ ವರ್ಷ ಅಯೋವಾದಲ್ಲಿ ಅವರಿಗಿಂತಲೂ ಹೆಚ್ಚು ಬೆಂಬಲ ಪಡೆದುದು ‘ಯಾರಿಗೂ ಬದ್ಧರಲ್ಲ’ ಎಂಬ ಕಟ್ಟು, ನೂರಕ್ಕೆ ಸುಮಾರು ೩೭; ಕಾರ್ಟರರಿಗೆ ಬಂದುದು ಸುಮಾರು ೨೮. ನಿಶ್ಚಯವಿಲ್ಲದವರೇ ಮೊದಲು ಬಂದ ಆ ಚುನಾವಣೆಯನ್ನು ಮುಂಚಿತವಾಗಿ ಹೇಳಿದ ದೈವಜ್ಞನಿದ್ದರೆ ಅವನಿಗೆ ಶಾಲು ಹೊದಿಸಬಹುದು.) ೨೦೦೭ರಲ್ಲಿ ಬಹುಕಾಲ ರಿಪಬ್ಲಿಕನ್ ಸಮೀಕ್ಷೆಗಳ ತಲೆಯಲ್ಲಿದ್ದ ರೂಡಿ ಜೂಲಿಯಾನಿಯವರು ಒಂದು ಸಂಸ್ಥಾನವನ್ನೂ ಗೆಲ್ಲದೆ ೨೦೦೮ನೆಯ ಜನವರಿ ೩೦ರಂದು ಹಿಂದೆಗೆದರು.

ಪ್ರಸಿದ್ಧಿಯಿದ್ದಲ್ಲಿ ಜಯವಿಲ್ಲವೆಂದೂ ಹೇಳುವಂತಿಲ್ಲ. ೧೯೯೯ರಲ್ಲಿ ಮುಂದಿದ್ದ ಜಾರ್ಜ್ ಡಬ್ಲ್ಯು. ಬುಷ್ ಅವರೇ ೨೦೦೦ದಲ್ಲಿ ಅಭ್ಯರ್ಥಿಗಳಾದರು. ೨೦೧೯ರಲ್ಲಿ ಮುಂದಿದ್ದ ಜೋ ಬೈಡನ್ನರು ೨೦೨೦ರ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಷೈರಿನಲ್ಲಿ ಐದನೆಯವರು; ಆದರೂ ಕೊನೆಗೆ ಅಭ್ಯರ್ಥಿಯೂ ಅಧ್ಯಕ್ಷರೂ ಅವರೇ ಆದರು. ಎಂದರೆ ಹೇತುವು ವಿರುದ್ಧವಲ್ಲ, ಸವ್ಯಭಿಚಾರ. ಬೆಂಕಿಯಿದ್ದಲ್ಲೆಲ್ಲ ಹೊಗೆ ಇರುವುದಿಲ್ಲ. ಹಸಿಸೌದೆಯ ಸಂಯೋಗವೆಂಬ ಉಪಾಧಿ ಬೇಕು. ಇಲ್ಲಿಯ ಉಪಾಧಿಗಳಲ್ಲಿ ಮೊದಲನೆಯದೂ ಮಾರಿಸ್ ದಂಪತಿಗಳು ಹಗುರವಾಗಿ ಕಂಡುದೂ ಯಾವುದೆಂದರೆ, ಅಭ್ಯರ್ಥಿಯ ಸ್ವಂತ ಇಚ್ಛೆ. ವಧುವನ್ನು ಕೇಳದೆ ಲಗ್ನಪತ್ರಿಕೆ ಅಚ್ಚುಹಾಕಿಸಿದಂತಾಯಿತು. ರೈಸ್ ಅವರು ಅದಕ್ಕೆ ಮುಂಚೆ ಯಾವ ಚುನಾವಣೆಗೂ ನಿಂತವರಲ್ಲ, ವಿಶ್ವವಿದ್ಯಾಲಯದಿಂದ ಬಂದವರು. ಅವರ ನಿರಾಕರಣೆಯನ್ನು ಗ್ರಂಥಕರ್ತರು ಮಾನಿನಿಯ ಪ್ರಣಯಕೋಪದಂತೆ, ಕರಗಬಹುದಾದುದೆಂದು ಓದಿದರು. ಅದು ಅಲಂಕಾರಶಾಸ್ತ್ರವನ್ನು ತಪ್ಪಾದ ಸ್ಥಳದಲ್ಲಿ ಉಪಯೋಗಿಸಿದಂತೆ.

ಇನ್ನೊಂದು ವಿಷಯವನ್ನು ನಮ್ಮ ತಾರ್ಕಿಕರು ಯೋಚಿಸಬೇಕಾಗಿಲ್ಲದ್ದು, ರಾಜಕೀಯದಲ್ಲಿ ಯೋಚಿಸಲೇಬೇಕಾದುದು. ಬೆಟ್ಟದಲ್ಲಿ ಬೆಂಕಿಯಿದೆಯೆಂದು ನಾವು ಅನುಮಾನಿಸಿದ ಮಾತ್ರಕ್ಕೆ ಬೆಟ್ಟವು ಹೊತ್ತಿಕೊಳ್ಳುವುದಿಲ್ಲ, ಆರುವುದೂ ಇಲ್ಲ. ಅಭ್ಯರ್ಥಿಗಳ ವಿಷಯದಲ್ಲಿ ಮಾತೇ ಬೆಂಕಿ. ೧೯೯೧ರ ಫೆಬ್ರವರಿ, ಮಾರ್ಚಿಯಲ್ಲಿ, ಕೊಲ್ಲಿಯ ಯುದ್ಧವು ಮುಗಿದಾಗ, ಆಗಿನ ಅಧ್ಯಕ್ಷರಾದ ಹಿರಿಯ ಬುಷ್ ಅವರ ಕಾರ್ಯವನ್ನು ಮೆಚ್ಚುವವರು ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ ೮೯. ಇವರನ್ನು ಸೋಲಿಸುವುದು ಅಸಾಧ್ಯವೆಂದು ಎಲ್ಲರೂ ಭವಿಷ್ಯ ನುಡಿದರು. ಆ ನುಡಿಯನ್ನು ಕೇಳಿ ಡೆಮೊಕ್ರಾಟಿಕ್ ಪಕ್ಷದ ದೊಡ್ಡ ಹೆಸರುಗಳು ಹಿಂದೆ ಸರಿದವು. ಎಲ್ಲ ಪಟ್ಟಿಗಳಲ್ಲಿಯೂ ಮೇಲಿದ್ದ ನ್ಯೂಯಾರ್ಕಿನ ಗವರ್ನರ್ ಮಾರಿಯೊ ಕ್ವೋಮೊ ಅವರು ತಿಂಗಳುಗಟ್ಟಲೆ ತೂಗಾಡಿ, ೧೯೯೧ನೆಯ ಡಿಸೆಂಬರ್ ೨೦ರಂದು, ನ್ಯೂ ಹ್ಯಾಂಪ್‌ಷೈರಿಗೆ ಕರೆದೊಯ್ಯಲು ಆಲ್ಬನಿಯಲ್ಲಿ ವಿಮಾನವು ಕಾದು ನಿಂತಿದ್ದಂತೆಯೇ, ನಿಲ್ಲುವುದಿಲ್ಲವೆಂದರು. ಬಯಲು ಬರಿದಾಯಿತು, ಆರ್ಕನ್ಸಾದ ಗವರ್ನರ್ ಬಿಲ್ ಕ್ಲಿಂಟನ್ನರಿಗೆ ದಾರಿ ಸಿಕ್ಕಿತು. ಮುಂದಿನ ನವೆಂಬರಿನಲ್ಲಿ ಸೋಲಿಸಲಾಗದ ಅಧ್ಯಕ್ಷರನ್ನು ಅವರು ೩೭೦ಕ್ಕೆ ೧೬೮ ಚುನಾಯಕ ಮತಗಳಿಂದ ಸೋಲಿಸಿದರು. ಸೋಲಿಸಲಾಗದೆಂಬ ಭವಿಷ್ಯವೇ ಸೋಲಿಸುವವನಿಗೆ ಎಡೆಮಾಡಿಕೊಟ್ಟಿತು.

೨೦೧೫ರಲ್ಲಿ ಇದರ ವಿಪರ್ಯಯವೊಂದು ನಡೆಯಿತು. ಮುಂದಿನ ಅಭ್ಯರ್ಥಿ ಜೆಬ್ ಬುಷ್ ಎಂಬ ಮಾತು ಹಬ್ಬಿದುದರಿಂದ ಅವರನ್ನು ಬೆಂಬಲಿಸುವ ಸಮಿತಿಗೆ ಆ ವರ್ಷದ ಮೊದಲ ಅರ್ಧದಲ್ಲಿಯೇ ಹತ್ತು ಕೋಟಿ ಡಾಲರಿಗೂ ಹೆಚ್ಚು ಹಣ ಸೇರಿತು. ಅವರು ೨೦೧೬ನೆಯ ಫೆಬ್ರವರಿ ೨೦ರಂದು ಹಿಂದೆಗೆದರು. ಅದೇ ೨೦೧೫ರ ಜೂನ್ ತಿಂಗಳಿನಲ್ಲಿ ನಿಲ್ಲುವೆನೆಂದು ಸಾರಿದ ಡಾನಲ್ಡ್ ಟ್ರಂಪರ ಸುದ್ದಿಯನ್ನು, ರಾಜಕೀಯದ ಪುಟದಲ್ಲಿ ಹಾಕುವುದಿಲ್ಲ, ವಿನೋದದ ಪುಟದಲ್ಲಿ ಹಾಕುತ್ತೇವೆ, ಎಂದು ಒಂದು ಸುದ್ದಿಸಂಸ್ಥೆ ಪ್ರಕಟಿಸಿತು. ರಸನಿರ್ಣಯದಲ್ಲಿ ಇಂತಹ ಪ್ರಮಾದವನ್ನು ನಾನು ಬೇರೆಡೆ ಕಂಡಿಲ್ಲ: ಹಾಸ್ಯವೆಂದು ತಿಳಿದುದು ಅಂಗಿರಸವಾಗಿ ನಿಂತಿತು.

ಇಷ್ಟಾದ ಮೇಲೆ ವ್ಯಾಕರಣಕ್ಕೆ ಬರುತ್ತೇನೆ. ನನಗೆ ಮುಖ್ಯವೆಂದು ತೋರುವುದು ಇದೇ. ಭವಿಷ್ಯತ್ತನ್ನು ಹೇಳಲು ಸಂಸ್ಕೃತದಲ್ಲಿ ಲೃಟ್ ಉಂಟು; ಇಂದಿನದಲ್ಲದ ಭವಿಷ್ಯಕ್ಕೆ ಲುಟ್ ಉಂಟು; ಹೀಗಾಗಿದ್ದರೆ ಹಾಗಾಗುತ್ತಿತ್ತು, ಆದರೆ ಆಗಲಿಲ್ಲ, ಎನ್ನಲು ಲೃಙ್ ಉಂಟು. ಇವುಗಳಲ್ಲದೆ, ಆಶಂಸೆಯು ತೋರುವಲ್ಲಿ, ಎಂದರೆ ಮುಂದೆ ಆಗಬೇಕೆಂದು ಮನಸ್ಸು ಹಾತೊರೆಯುವಲ್ಲಿ, ಭವಿಷ್ಯತ್ತನ್ನೂ ಭೂತದ ಪ್ರತ್ಯಯದಿಂದ ಹೇಳಬಹುದೆಂದು ಪಾಣಿನಿ ಅನುಮತಿ ಕೊಟ್ಟಿರುವನು. ನಮ್ಮ ಆಡುಮಾತಿನಲ್ಲಿಯೂ ಇದುಂಟು: ‘ಒಂದು ಹದ ಮಳೆ ಬಂತೋ, ಬಿತ್ತನೆ ಆಯಿತೆಂದೇ ಲೆಕ್ಕ’ ಎನ್ನುವ ರೈತನು ಆದುದನ್ನು ಹೇಳುತ್ತಿಲ್ಲ, ಹಂಬಲಿಸುವುದನ್ನು ಹೇಳುತ್ತಿರುವನು. ಮಾರಿಸ್ ಅವರು ಗ್ರಂಥಾರಂಭದ ದೃಶ್ಯವನ್ನು ಲೃಟ್ಟಿನಲ್ಲಿ ಬರೆದರು, ದಿನ ಘಳಿಗೆ ಸಹಿತ. ಮನಸ್ಸಿನಲ್ಲಿದ್ದುದು ಆಶಂಸೆಯ ತಿರುವು, ಎಂದರೆ ಭಯ. ಇಂದು ನಾವು ಓದುವಾಗ ಅದೇ ವಾಕ್ಯಗಳು ಒಂದಕ್ಷರವೂ ಬದಲಾಗದೆ ಲೃಙ್ ಆಗಿ ಕೇಳಿಸುತ್ತವೆ. ಗ್ರಂಥವೊಂದು ತನ್ನ ಲಕಾರವನ್ನು ತಾನೇ ಬದಲಿಸಿಕೊಳ್ಳುವ ಈ ವಿಚಿತ್ರವು ಭವಿಷ್ಯವಾಙ್ಮಯದಲ್ಲಲ್ಲದೆ ಬೇರೆಲ್ಲಿಯೂ ಇಲ್ಲ.

ಕನ್ನಡಕ್ಕಾದರೋ ಇನ್ನೊಂದು ಸಂಪತ್ತಿದೆ. ‘ಆಗುವಳು’ ಎಂಬುದರ ಪಕ್ಕದಲ್ಲಿ ‘ಆದಾಳು’ ಎಂಬ ಸಂಭಾವನಾರೂಪವನ್ನು ನಮ್ಮ ಭಾಷೆ ಇಟ್ಟುಕೊಂಡಿದೆ. ‘ಬರುವನು’ ಎನ್ನುವವನು ಹೊಣೆ ಹೊತ್ತನು. ‘ಬಂದಾನು’ ಎನ್ನುವವನು ಬಾಗಿಲನ್ನು ತೆರೆದಿಟ್ಟನು. ಈ ಭೇದವನ್ನು ನಾನು ಕಲಿತುದು ಪುಸ್ತಕದಿಂದಲ್ಲ. ೨೦೦೭ರ ಮಳೆಗಾಲದಲ್ಲಿ ಪಾಠಶಾಲೆಯ ಜಗಲಿಯಲ್ಲಿ ಕೌಮುದಿಯ ಲಕಾರಾರ್ಥಪ್ರಕ್ರಿಯೆಯನ್ನು ಹೇಳಿಕೊಡುತ್ತಿದ್ದಾಗ, ಹುಡುಗರಿಗೆ ರುಚಿಸಲೆಂದು ಪತ್ರಿಕೆಯ ಸುದ್ದಿಯಿಂದ ಒಂದು ಉದಾಹರಣೆ ಕೊಟ್ಟೆನು: ‘ಹಿಲರಿಯವರು ಅಧ್ಯಕ್ಷರಾಗುವರು’. ಮೂಲೆಯಲ್ಲಿದ್ದ ಹುಡುಗನೊಬ್ಬನು, “ಗುರುಗಳೆ, ಆಗುವರೋ, ಆದಾರೋ?” ಎಂದನು. “ಆಗುವರು ಎಂದೆನಲ್ಲಪ್ಪ, ಬರೆದುಕೊ” ಎಂದು ಗದರಿಸಿದೆನು. ಜನವರಿಯಲ್ಲಿ ಅಯೋವಾದ ಸುದ್ದಿ ಬಂದ ದಿನ ಅವನು ಏನೂ ಮಾತನಾಡಲಿಲ್ಲ. ಐದಾರು ದಿನಗಳಲ್ಲಿ ನ್ಯೂ ಹ್ಯಾಂಪ್‌ಷೈರಿನಲ್ಲಿ, ಸಮೀಕ್ಷೆಗಳನ್ನೆಲ್ಲ ಸುಳ್ಳುಮಾಡಿ ಹಿಲರಿಯವರು ಗೆದ್ದಾಗ, “ನೋಡಿದೆಯೇನಯ್ಯ?” ಎಂದು ನಾನೇ ಕರೆದು ಕೇಳಿದೆನು. ಆಗಲೂ ಅವನು ಮಾತನಾಡಲಿಲ್ಲ. ಜೂನಿನ ಹೊತ್ತಿಗೆ ಆ ಪಾಠ ಮುಗಿದುಹೋಗಿತ್ತು.

ಗ್ರಂಥದ ವಿಷಯದಲ್ಲಿ ಒಂದು ನ್ಯಾಯವನ್ನು ಹೇಳದೆ ಬಿಟ್ಟರೆ ವಿಮರ್ಶೆ ಅಪೂರ್ಣವಾದೀತು. ೨೦೦೫ರವರೆಗೆ ಆ ದೇಶದ ಅಧ್ಯಕ್ಷರಾಗಿದ್ದವರೆಲ್ಲ ಬಿಳಿಯ ಪುರುಷರು. ಎರಡು ಮಹಾಪಕ್ಷಗಳಲ್ಲಿ ಯಾವುದೂ ಬೇರೆಯವರನ್ನು ಅಭ್ಯರ್ಥಿಯಾಗಿ ನಿಲ್ಲಿಸಿರಲಿಲ್ಲ. ಆ ಕ್ರಮ ಇನ್ನು ಮುರಿಯುವುದೆಂದು ಗ್ರಂಥದ ಹೆಸರೇ ಸಾರುತ್ತದೆ. ಅದ್ದು ಮುರಿಯಿತು, ಹೇಳಿದ ಚುನಾವಣೆಯಲ್ಲಿಯೇ ಮುರಿಯಿತು, ಹೇಳಿದ ಕಡೆಯಿಂದ ಮಾತ್ರ ಮುರಿಯಲಿಲ್ಲ. ಜಾತಿಯನ್ನು ಸರಿಯಾಗಿ ಕಂಡು ವ್ಯಕ್ತಿಯಲ್ಲಿ ತಪ್ಪಿದರು. ೨೦೦೯ನೆಯ ಜನವರಿ ೨೦ರಂದು ಪ್ರಮಾಣವಚನ ಸ್ವೀಕರಿಸಿದವರು ಒಬಾಮ. ಆ ದಿನ ಮುಖ್ಯ ನ್ಯಾಯಾಧೀಶರು ವಚನದ ಪದಗಳನ್ನು ಹಿಂದುಮುಂದಾಗಿ ಹೇಳಿದುದರಿಂದ ಮರುದಿನ ಅದನ್ನು ಮತ್ತೊಮ್ಮೆ ಹೇಳಿಸಬೇಕಾಯಿತೆಂಬುದನ್ನು ವೇದಪಾಠಿಗಳು ಕೇಳಿದರೆ ಸಂತೋಷಪಡುವರು. ಆ ಮರುದಿನವೇ, ಜನವರಿ ೨೧ರಂದು, ಹಿಲರಿ ಕ್ಲಿಂಟನ್ನರು ವಿದೇಶಾಂಗ ಕಾರ್ಯದರ್ಶಿಗಳಾದರು. ತೆರವಾಗಿದ್ದುದು ಕಾಂಡೊಲೀಸಾ ರೈಸ್ ಅವರ ಪೀಠ. ಇಬ್ಬರನ್ನೂ ಎದುರುಬದುರಾಗಿ ನಿಲ್ಲಿಸಿದ ಗ್ರಂಥವು, ಒಬ್ಬರ ಹಿಂದೆ ಒಬ್ಬರು ಅದೇ ಪೀಠದಲ್ಲಿ ಕುಳಿತಾರೆಂದು ಊಹಿಸಲಾರದೆ ಹೋಯಿತು. ಹಿಲರಿಯವರು ಪಕ್ಷದ ಅಭ್ಯರ್ಥಿಯಾದುದು ೨೦೧೬ರಲ್ಲಿ. ಜನರ ಮತಗಳಲ್ಲಿ ಸುಮಾರು ೨೯ ಲಕ್ಷ ಮುಂದಿದ್ದೂ ಚುನಾಯಕ ಮತಗಳಲ್ಲಿ ಸೋತರು.

ಈಗ ನಮ್ಮ ಕಾಲಜ್ಞಾನಗಳಿಗೆ ಹಿಂತಿರುಗಬಹುದು. ಪುರಾಣಗಳ ಕಲಿಯುಗರಾಜವಂಶಾವಳಿಗಳನ್ನು ೧೯೧೩ರಲ್ಲಿ ಸಂಪಾದಿಸಿದ ಪಾರ್ಜಿಟರ್ ಎಂಬ ವಿದ್ವಾಂಸರು, ಅಧಿಸೀಮಕೃಷ್ಣನೇ ಮೊದಲಾದವರನ್ನು ಈಗ ಆಳುವವರೆಂದೂ ಅವರಿಂದ ಮುಂದಿನವರನ್ನು ಮುಂದೆ ಆಳುವವರೆಂದೂ ಪುರಾಣವು ಹೇಳುವುದನ್ನು ತೋರಿಸಿ, ಆಗಿಹೋದ ಅರಸರನ್ನು ಅಲ್ಲಿ ಭವಿಷ್ಯತ್ತಿನ ವೇಷದಲ್ಲಿ ಕಂಡರು. ಗುಪ್ತರ ರಾಜ್ಯವು ಗಂಗಾತೀರದ ಪ್ರಯಾಗ, ಸಾಕೇತ, ಮಗಧಗಳಷ್ಟರಲ್ಲಿ ನಿಂತಿರುವ ಸ್ಥಿತಿಯನ್ನು ಹೇಳಿ ವಂಶಾವಳಿಯು ಮುಗಿಯುವುದರಿಂದ, ಆ ಪಾಠವು ಕೂಡಿದ ಕಾಲವನ್ನೂ ಗೊತ್ತುಮಾಡಿದರು. ಅಮೆರಿಕೆಯ ಗ್ರಂಥಕ್ಕೂ ಈ ಯುಕ್ತಿ ಹೊಂದುತ್ತದೆ: ೨೦೦೫ರವರೆಗಿನ ಸಂಗತಿಗಳಲ್ಲಿ ಅಂಕಿಗಳೂ ಹೆಸರುಗಳೂ ಕಿಕ್ಕಿರಿದಿವೆ, ಅಲ್ಲಿಂದಾಚೆಗೆ ಉಳಿಯುವುದು ಚಿತ್ರ ಮಾತ್ರ. ಮುದ್ರಣಕಾಲವನ್ನು ಹರಿದುಹಾಕಿದರೂ ಅದರ ಕಾಲವನ್ನು ಹೇಳಬಹುದು. ಪುರಾಣಕಾರನು ನಡೆದುದನ್ನು ನಡೆಯುವುದೆಂದನು, ಅಪಾಯವಿಲ್ಲದೆ. ಈ ದಂಪತಿಗಳು ನಡೆಯದುದಕ್ಕೆ ದಿನಾಂಕವನ್ನು ಅಚ್ಚುಹಾಕಿಸಿದರು. ಆ ಧೈರ್ಯಕ್ಕೆ ಸಲ್ಲಬೇಕಾದ ಗೌರವವನ್ನು ನಾನು ಸಲ್ಲಿಸುತ್ತೇನೆ.

ವೀರವಸಂತರಾಯನನ್ನು ಹೇಳುವ ಕೃತಿಗಳ ಮುಂದೆ ನಾವು ಕೇಳಬೇಕಾದ ಪ್ರಶ್ನೆಗಳು ಇವೇ: ವಿಧಿಯು ಎಲ್ಲಿದೆ, ಕವಿಯು ಅದನ್ನು ಕಾಣಿಸಿರುವನೆ, ಬಚ್ಚಿಟ್ಟಿರುವನೆ, ಹಾಳಾದ ಕಲ್ಯಾಣವನ್ನು ಕಂಡವನ ಹಂಬಲವು ಎಲ್ಲಿ ‘ಬರುವನು’ ಎಂದು ಹೊಣೆ ಹೊರುತ್ತದೆ, ಎಲ್ಲಿ ‘ಬಂದಾನು’ ಎಂದು ನಿಟ್ಟುಸಿರಾಗುತ್ತದೆ. ಇದಕ್ಕೆ ಪ್ರತಿಗಳಲ್ಲಿರುವ ಕ್ರಿಯಾಪದಗಳು ಇದ್ದಂತೆಯೇ ನಮಗೆ ದೊರೆಯಬೇಕು. ನಾನೇ ಇಪ್ಪತ್ತೈದು ವರ್ಷಗಳ ಹಿಂದೆ ಒಂದು ಕಾಲಜ್ಞಾನದ ಓಲೆಯ ಪ್ರತಿಯನ್ನು ಕಾಗದಕ್ಕೆ ಇಳಿಸುವಾಗ, ‘ಬಂದಾನು’, ‘ಆಳ್ಯಾನು’ ಎಂಬಂತಹ ರೂಪಗಳನ್ನು ಗ್ರಾಮ್ಯವೆಂದು ಬಗೆದು, ‘ಬರುವನು’, ‘ಆಳುವನು’ ಎಂದು ತಿದ್ದಿರುತ್ತೇನೆ. ಓಲೆಗಳು ಆಮೇಲೆ ಹುಳುಹಿಡಿದು ಹೋದವು. ಉಳಿದಿರುವುದು ನನ್ನ ಕಾಗದ. ಆ ಕವಿಯು ಎಲ್ಲಿ ಸಂದೇಹಪಟ್ಟಿದ್ದನೆಂದು ಈಗ ನನಗೂ ಹೇಳಲು ಬಾರದು. ಕಾಲಜ್ಞಾನಗಳನ್ನು ಸಂಪಾದಿಸುತ್ತಿರುವ ತರುಣ ವಿದ್ವಾಂಸರು ಕ್ರಿಯಾಪದಗಳಿಗೆ ಕೈಹಚ್ಚದೆ ಇರಬೇಕೆಂದು ಕೇಳಿಕೊಳ್ಳುತ್ತೇನೆ. ಟ್ರಂಪರು ೨೦೨೪ರಲ್ಲಿ ಎರಡನೆಯ ಸಲ ಚುನಾಯಿತರಾದುದರಿಂದ ೨೦೨೮ರ ಕಣವು ಮತ್ತೆ ತೆರವಾಗಿ, ಅದೇ ಚಳಿಗಾಲದಲ್ಲಿಯೇ ಹೊಸ ಪಟ್ಟಿಗಳು ಹೊರಟವು. ಅವುಗಳಲ್ಲಿ ಎರಡನ್ನು ಕತ್ತರಿಸಿ, ದಿನಾಂಕ ಬರೆದು, ಆ ಕಾಗದದ ಪ್ರತಿಯೊಡನೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅವುಗಳಲ್ಲಿ ಯಾವ ಅಕ್ಷರವನ್ನೂ ತಿದ್ದಿಲ್ಲ.